ಕೆರೆಬೈಲಿನ ಸಹಿಗಳು

ಬಟ್ಟಲಿಡುವ ಮೊದಲು ಮೇಜು ಒರೆಸಬೇಕು, ಬಡಿಸುವ ಮೊದಲು ಬಟ್ಟಲನ್ನೂ ಒರೆಸಬೇಕು. ಕಾಪುವಿನ ಹೊರಗಿನ ಆ ಪುನರ್ವಸತಿ ಕಾಲೊನಿಯ ಹೆಂಗಸರಿಗೆ ಇದನ್ನು ತಾಯಂದಿರು ಕಲಿಸಿದ್ದಲ್ಲ, ಸಿಮೆಂಟ್ ಕಾರ್ಖಾನೆಯ ಹುಡಿ ಕಲಿಸಿದ್ದು. ಕೆರೆಬೈಲು ಎಂಬ ಇಡೀ ಊರನ್ನು ನುಂಗಿ ನೀರು ಕುಡಿದ ಆ ಕಾರ್ಖಾನೆ, ಅಷ್ಟಕ್ಕೇ ಬಿಡದೆ, ಊರು ಬಿಟ್ಟು ಬಂದವರ ಅನ್ನದ ಮೇಲೂ ದಿನಾ ಇಷ್ಟಿಷ್ಟು ಉದುರಿಸುತ್ತಿತ್ತು.

ಡುಲ್ಸಿನ್ ಬಾಯಿ ಮೇಜು ಒರೆಸಿ, ಬಟ್ಟೆಯನ್ನು ದೀಪಕ್ಕೆ ಹಿಡಿದು ನೋಡಿ, "ಇವತ್ತು ಗಾಳಿ ನಮ್ಮ ಕಡೆಗೆ ಉಂಟು," ಎಂದರು. ಗಂಡ ಲಿಗೋರಿ ತೀರಿಹೋದ ಮೇಲೆ ಅವರ ಮಾತಿಗೆ ಉತ್ತರ ಬರುವುದು ಕಮ್ಮಿಯಾಗಿತ್ತು. ಮಗ ಜೋವಿನ್ ಮೊಬೈಲು ನೋಡುತ್ತಾ ಕೂತಿದ್ದ. ಸೊಸೆ ಜೆನಿಫರ್ ಮಣಿಪಾಲದ ಆಸ್ಪತ್ರೆಯ ಲ್ಯಾಬಿನಿಂದ ಆಗಷ್ಟೇ ಬಂದು, ಬಂಗುಡೆ ಸಾರನ್ನು ಬಿಸಿಗಿಟ್ಟಿದ್ದಳು.

"ಮಾಯ್, ಒಂದು ವಿಷಯ," ಎಂದಳು ಜೆನಿಫರ್, ಅತ್ತೆಯ ಬಟ್ಟಲಿಗೆ ಕುಚ್ಚಲಕ್ಕಿ ಅನ್ನ ಹಾಕುತ್ತಾ. "ನನ್ನ ಅಮ್ಮನನ್ನು ಕಾರ್ಕಳದಿಂದ ಕರ್ಕೊಂಡು ಬರದೆ ಉಪಾಯ ಇಲ್ಲ. ಸೊಂಟಕ್ಕೆ ರಾಡ್ ಹಾಕಿದ್ದಾರೆ. ಒಬ್ಬಳೇ ಇರ್ಲಿಕ್ಕೆ ಆಗುವುದಿಲ್ಲ."

"ಬರಲಿ. ಯಾರು ಬೇಡ ಹೇಳಿದ್ದು?"

"ಮಲಗುವುದು ಎಲ್ಲಿ? ನಿಮ್ಮ ಕೋಣೆಯಲ್ಲಿ ಇನ್ನೊಂದು ಮಂಚ ಹಿಡಿಯಬೇಕಾದರೆ ಪಪ್ಪನ ಪೆಟ್ಟಿಗೆಗಳು ಹೋಗಬೇಕು."

ಡುಲ್ಸಿನ್ ಬಾಯಿ ತುತ್ತು ಬಾಯಿಗಿಡಲಿಲ್ಲ.

ಕೆರೆಬೈಲಿನ ಮನೆಯನ್ನು ಜೆಸಿಬಿ ಕೆಡವುವ ದಿನ ಲಿಗೋರಿ ಹೊತ್ತು ತಂದದ್ದು ಪಾತ್ರೆಯನ್ನಲ್ಲ, ಕಪಾಟನ್ನಲ್ಲ, ಈ ಪೆಟ್ಟಿಗೆಗಳನ್ನು. ಅವರ ಅಪ್ಪ ಮುಂಬಯಿಯಿಂದ ಕನ್ನಡ ಲಿಪಿಯಲ್ಲಿ ಬರೆದ ಕೊಂಕಣಿ ಪತ್ರಗಳು, ಗೇಣಿಯ ರಶೀದಿಗಳು, ಕರಿಕೋಟಿನ ಮದುಮಗ ಬೆದರಿ ನಿಂತ ಮದುವೆಯ ಫೋಟೊಗಳು ಅಡಿಯಲ್ಲಿದ್ದವು. ಮೇಲೆ ಲಿಗೋರಿಯವರದು: ಹೋರಾಟದ ಕರಪತ್ರಗಳು, ಭೂಸ್ವಾಧೀನದ ನೋಟೀಸುಗಳು, ಪತ್ರಿಕೆಯ ತುಂಡುಗಳು. ಎಲ್ಲಕ್ಕಿಂತ ಮೇಲೆ ಸಹಿಯ ಹಾಳೆಗಳು. ಒಂದೊಂದು ಮನೆಯ ಹೆಸರು, ಅದರ ಮುಂದೆ ಆ ಮನೆಯ ಯಜಮಾನನ ಸಹಿ ಇಲ್ಲವೇ ಹೆಬ್ಬೆಟ್ಟು. 'ನಮ್ಮ ಊರು ನಮಗೆ ಬೇಕು' ಎಂಬ ಆ ಅರ್ಜಿಯನ್ನು ಸರ್ಕಾರಿ ಕಚೇರಿಯ ಕಿಟಕಿಯಲ್ಲಿ ಯಾರೂ ತೆಗೆದುಕೊಂಡಿರಲಿಲ್ಲ. "ಕಾಲ ಮೀರಿತು" ಎಂದು ಹಿಂದೆ ತಳ್ಳಿದ್ದರು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುವುದು ನಮ್ಮ ಸರ್ಕಾರಕ್ಕೆ ಹೊಸತಲ್ಲ. ಇಲ್ಲಿ ಬಾಗಿಲು ಹಾಕಿದ್ದು ಕೊಳ್ಳೆಹೋದವರ ಮುಖದ ಮೇಲೆ.

"ಗುಜರಿಗೆ ಹಾಕಿ ಹೇಳ್ತಾ ಇಲ್ಲ ನಾನು," ಎಂದಳು ಜೆನಿಫರ್. "ಮಣಿಪಾಲದಲ್ಲಿ ಕುಟುಂಬ ದಾಖಲೆ ಭಂಡಾರ ಅಂತ ಉಂಟು. ಮನೆಮನೆಯ ಹಳೇ ಕಾಗದ ತಗೊಂಡು ಜೋಪಾನ ಮಾಡ್ತಾರೆ. ಏಸಿ ಉಂಟು, ಹುಳ ಹಿಡಿಯುವುದಿಲ್ಲ. ಇಲ್ಲಿ ಈ ಹುಡಿಯಲ್ಲಿ ಇನ್ನೆಷ್ಟು ವರ್ಷ ಬದುಕ್ತದೆ ಅದು?"

"ಯಾರು ಬೇಕಾದರೂ ನೋಡಬಹುದಾ ಅಲ್ಲಿ?" ಜೋವಿನ್ ಮೊಬೈಲಿನಿಂದ ತಲೆಯೆತ್ತಿದ.

"ಇಂಟರ್ನೆಟ್ಟಲ್ಲೂ ಹಾಕ್ತಾರಂತೆ."

"ಹಾಗಾದರೆ ಬೇಡ."

"ಯಾಕೆ ಬೇಡ?" ಡುಲ್ಸಿನ್ ಬಾಯಿ ಕೇಳಿದರು.

"ಅಮ್ಮ, ನಾನು ಎಲ್ಲಿ ಕೆಲಸ ಮಾಡುವುದು?"

ಆ ಮನೆಯಲ್ಲಿ ಯಾರೂ ಕೇಳದ, ಯಾರೂ ಹೇಳದ ಮಾತು ಅದು. ಜೋವಿನ್ ಕೆಲಸ ಮಾಡುತ್ತಿದ್ದುದು ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ, ಗುತ್ತಿಗೆದಾರನ ಕೈಕೆಳಗೆ. 'ಮನೆಗೊಂದು ನೌಕರಿ' ಎಂದು ಮೈಕಿನಲ್ಲಿ ಕೂಗಿದವರು ಕೊಟ್ಟದ್ದು ಮನೆಗೊಂದು ಗುತ್ತಿಗೆ. ಪ್ರತಿ ವರ್ಷವೂ ಅದನ್ನು ಹೊಸತು ಮಾಡಿಸಿಕೊಳ್ಳಬೇಕು.

"ಎರಡನೇ ಘಟಕಕ್ಕೆ ಮತ್ತೆ ಜಾಗ ನೋಡ್ತಾ ಇದ್ದಾರೆ," ಎಂದ ಜೋವಿನ್. "ಯಾರ ಮನೆಯವರು ಎಂತ ಮಾತಾಡ್ತಾರೆ ಹೇಳಿ ಕಿವಿ ಕೊಟ್ಟು ಕೂತಿದ್ದಾರೆ. ಈಗ ಲಿಗೋರಿಯ ಹೋರಾಟ ಅಂತ ಎಲ್ಲ ಹೊರಗೆ ಬಂದರೆ ಮೊದಲು ಹೋಗುವುದು ನನ್ನ ಗೇಟ್ ಪಾಸು."

"ಆ ಕಾಗದದಲ್ಲಿ ಕಳ್ಳತನದ ಲೆಕ್ಕ ಇಲ್ಲ ಪುತಾ. ನಮ್ಮ ಊರಿನವರ ಹೆಸರುಂಟು."

"ಊರು ಎಲ್ಲುಂಟು?"

ಡುಲ್ಸಿನ್ ಬಾಯಿ ಎದ್ದು ಕೈತೊಳೆದರು. ಬಂಗುಡೆ ಬಟ್ಟಲಲ್ಲಿ ಹಾಗೆಯೇ ಉಳಿಯಿತು.

ಮುಂದಿನ ವಾರ ಭಂಡಾರದಿಂದ ಪ್ರಖ್ಯಾತ್ ಎಂಬ ಯುವಕ ಬಂದ. ಕಾರ್ಕಳದವನು, ಮೆತ್ತಗಿನ ಮಾತು. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಒರೆಸಿಕೊಂಡು ಪೆಟ್ಟಿಗೆಯ ಮುಂದೆ ನೆಲದಲ್ಲೇ ಕೂತ. ಸಹಿಯ ಹಾಳೆ ಬಂದಾಗ ಅವನ ಕೈ ನಿಂತಿತು.

"ಇದೆಲ್ಲ ಒಂದೇ ಊರಿನ ಮನೆಗಳಾ ಬಾಯಮ್ಮ?"

"ಒಂದೇ ಊರಿನದ್ದು. ಅವರು ಮನೆಮನೆಗೆ ಹೋಗಿ ಹಾಕಿಸಿದ್ದು. ನಾನು ಹಿಂದಿನಿಂದ ಛತ್ರಿ ಹಿಡ್ಕೊಂಡು ಹೋಗಿದ್ದೆ, ಕಾಗದ ಒದ್ದೆ ಆಗಬಾರದು ಅಂತ. ನಾನು ಒದ್ದೆ ಆದದ್ದನ್ನು ಯಾರೂ ಕೇಳಲಿಲ್ಲ ಬಿಡಿ."

ಪ್ರಖ್ಯಾತ್ ನಕ್ಕ. "ಇಂಥದ್ದು ನಮ್ಮಲ್ಲಿ ಇಲ್ಲ. ಆದರೆ ವಾರಸುದಾರರೆಲ್ಲರ ಒಪ್ಪಿಗೆ ಬೇಕು. ನಿಮ್ಮದು, ನಿಮ್ಮ ಮಗನದ್ದು."

"ಮಗನದ್ದು ಆಗ್ತದೆ," ಎಂದರು ಡುಲ್ಸಿನ್ ಬಾಯಿ. ಆಗುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಒಪ್ಪಿಗೆಯ ಕಾಗದ ಫ್ರಿಜ್ಜಿನ ಮೇಲೆ ಕೂತಿತು. ಜೋವಿನ್ ದಿನಾ ಅಲ್ಲಿಂದ ನೀರಿನ ಬಾಟ್ಲಿ ತೆಗೆಯುತ್ತಿದ್ದ, ಕಾಗದ ಮುಟ್ಟುತ್ತಿರಲಿಲ್ಲ. ತಾಯಿ ಮಗ ಮಾತಾಡುವುದು ಜೆನಿಫರ್ ಮೂಲಕವೇ ಆಯಿತು. "ಅವನಿಗೆ ಹೇಳು, ಗ್ಯಾಸ್ ಮುಗಿದಿದೆ." "ಅಮ್ಮನಿಗೆ ಹೇಳು, ನನಗೆ ಗಂಜಿ ಸಾಕು."

"ನಾನೇನು ನಿಮ್ಮ ಮನೆಯ ಪೋಸ್ಟ್‌ಮ್ಯಾನಾ?" ಜೆನಿಫರ್ ಸೌಟು ಕುಕ್ಕಿದಳು. "ಬೆಳಿಗ್ಗಿನಿಂದ ಊರಿನವರ ರಕ್ತ ಹೀರಿ ಬರ್ತೇನೆ. ಮನೆಗೆ ಬಂದರೆ ನೀವಿಬ್ಬರು ನನ್ನದು ಹೀರ್ತೀರಿ!"

ಅಷ್ಟರಲ್ಲಿ ಅವಳ ತಾಯಿ ವಿಲ್ಮಾ ಬಂದರು. ಪೆಟ್ಟಿಗೆಗಳ ಮೇಲೆ ಪೆಟ್ಟಿಗೆ ಹೇರಿ, ಗೋಡೆಗೆ ಒತ್ತಿ, ನಡುವೆ ಮಂಚ ತುರುಕಿದ್ದಾಯಿತು. ವಿಲ್ಮಾರ ಸೊಂಟ ನಡೆಯುತ್ತಿರಲಿಲ್ಲ, ನಾಲಿಗೆ ಓಡುತ್ತಿತ್ತು.

"ಇದೆಂತ ಬಾಯಿ, ಮಲಗುವ ಕೋಣೆಯಾ, ತಾಲೂಕು ಆಫೀಸಾ?"

"ನಿಮ್ಮ ತಲೆಯ ಮೇಲೆ ಬೀಳುವುದಿಲ್ಲ, ಹೆದರಬೇಡಿ."

"ಬಿದ್ದರೆ ಒಳ್ಳೆಯದೇ. ಇನ್ನೊಂದು ರಾಡು ಹಾಕಿಸ್ಕೊಳ್ಬಹುದು." ದಿಂಬಿಗೆ ಒರಗಿ ಪೆಟ್ಟಿಗೆಗಳನ್ನು ನೋಡುತ್ತಾ, "ಗಂಡ ಇದ್ದಾಗಲೂ ಹೀಗೆಯೇ ಅಲ್ವಾ ನಿಮಗೆ? ಅವರು ಕೂತದ್ದು ಈ ಕಾಗದಗಳ ಹತ್ತಿರ. ನೀವು ಕೂತದ್ದು ಅಡುಗೆಮನೆಯಲ್ಲಿ."

ಡುಲ್ಸಿನ್ ಬಾಯಿ ವಿಲ್ಮಾರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಅಡುಗೆಮನೆಯಿಂದ ಅವರ ಕೆಮ್ಮು ಕೇಳ್ತಿತ್ತು," ಎಂದರು. "ಈಗ ಅದೂ ಇಲ್ಲ."

ವಿಲ್ಮಾ ಆ ದಿನ ಮತ್ತೆ ತಮಾಷೆ ಮಾಡಲಿಲ್ಲ. ಸಂಜೆ ತೇರ್ಸಿಗೆ ಕೂತಾಗ ತಮ್ಮ ಕಡೆಯ ಸತ್ತವರ ಜೊತೆ ಲಿಗೋರಿಯ ಹೆಸರನ್ನೂ ಸೇರಿಸಿ ಜಪಮಾಲೆ ಹೇಳಿದರು.

ಅದರ ಮುಂದಿನ ಭಾನುವಾರ, ಪೂಜೆ ಮುಗಿಸಿ ಪೇಟೆಗೆ ಹೋದ ಜೋವಿನ್ ಹಂದಿಮಾಂಸದ ತೊಟ್ಟೆಯ ಜೊತೆ ಇನ್ನೊಂದು ಲಕೋಟೆಯನ್ನೂ ಹಿಡಿದುಕೊಂಡು ಬಂದ. ಜೆನಿಫರ್ ಸಾನ್ನಾಸ್ ಇಡ್ಲಿ ಬೇಯಲು ಇಟ್ಟಿದ್ದಳು. ಅವನು ಸೀದಾ ತಾಯಿಯ ಎದುರು ಬಂದು ಲಕೋಟೆಯನ್ನು ಮೇಜಿನ ಮೇಲಿಟ್ಟ.

ಒಳಗೆ ಸಹಿಯ ಹಾಳೆಗಳು. ಒಂದೊಂದೂ ಪ್ಲಾಸ್ಟಿಕ್ಕಿನೊಳಗೆ ಬಿಗಿದು, ಅಂಚು ಕತ್ತರಿಸಿ, ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

"ನೀವು ಬಟ್ಟೆ ಒಗೆಯುವಾಗ ತೆಗೆದದ್ದು," ಎಂದ. "ಕಾಪು ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದೆ. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿಗೆ ಪಪ್ಪ ಮಾಡಿಸಿದ್ದರಲ್ಲ, ಹಾಗೆ. ಇನ್ನು ನೀರು ಬಿದ್ದರೂ ಆಗುವುದಿಲ್ಲ, ಹುಡಿ ಬಿದ್ದರೂ ಆಗುವುದಿಲ್ಲ." ಮತ್ತೆ ಫ್ರಿಜ್ಜಿನ ಹತ್ತಿರ ಹೋಗಿ, ಒಪ್ಪಿಗೆಯ ಕಾಗದ ತೆಗೆದು, ನಿಂತಲ್ಲೇ ಸಹಿ ಮಾಡಿದ. "ಕೊಡಿ ಅವರಿಗೆ. ಕೇಳಿದರೆ ಅಪ್ಪ ಮಾಡಿದ್ದು ಅಂತ ಹೇಳ್ತೇನೆ. ಸತ್ತವರ ಪಾಸು ಯಾರೂ ಕಿತ್ಕೊಳ್ಳುವುದಿಲ್ಲ."

ಡುಲ್ಸಿನ್ ಬಾಯಿ ಪ್ಲಾಸ್ಟಿಕ್ಕಿನ ಮೇಲೆ ಬೆರಳು ಆಡಿಸಿದರು. ನುಣ್ಣಗಿತ್ತು. ಮಗನ ತಲೆಯನ್ನು ಹಿಡಿದು ಬಗ್ಗಿಸಿ ಹಣೆಗೆ ಮುತ್ತಿಟ್ಟರು. "ಅಯ್ಯೋ, ಸಾನ್ನಾಸ್ ತಣಿಯುತ್ತದೆ ಮಾರಾಯ್ರೆ, ಆಮೇಲೆ ಮುದ್ದು ಮಾಡಿ!" ವಿಲ್ಮಾ ಒಳಗಿನಿಂದ ಕೂಗಿದರು. ವಿಲ್ಮಾ ಬಂದ ಮೇಲೆ ಮೊದಲ ಸಲ ನಾಲ್ವರೂ ಒಟ್ಟಿಗೆ ಉಂಡರು.

ಪೆಟ್ಟಿಗೆಗಳನ್ನು ಟೆಂಪೋದಲ್ಲಿ ಹೇರಿಕೊಂಡು ಡುಲ್ಸಿನ್ ಬಾಯಿ ಒಬ್ಬರೇ ಮಣಿಪಾಲಕ್ಕೆ ಹೋದರು. ಜೋವಿನ್‌ಗೆ ರಜೆ ಸಿಗಲಿಲ್ಲ, ಜೆನಿಫರಿಗೆ ಡ್ಯೂಟಿ. ಭಂಡಾರದ ಉದ್ದ ಮೇಜಿನ ಮೇಲೆ ಪ್ರಖ್ಯಾತ್ ಒಂದೊಂದಾಗಿ ಎಣಿಸಿ, ಪೆನ್ಸಿಲಿನಿಂದ ಗುರುತು ಹಾಕಿ ಇಡುತ್ತಾ ಬಂದ. ಅಲ್ಲಿ ಪೆನ್ನು ತರಲಿಕ್ಕಿಲ್ಲ. ಶಾಯಿ ಬಿದ್ದರೆ ಕಾಗದ ಕೆಡುತ್ತದೆ. ಮುಂಬಯಿಯ ಪತ್ರಗಳು ಹೋದವು, ರಶೀದಿಗಳು ಹೋದವು, ಕರಪತ್ರಗಳು ಹೋದವು. ಸಹಿಯ ಹಾಳೆ ಬಂದಾಗ ಅವನು ಅದನ್ನು ಎತ್ತಲಿಲ್ಲ.

"ಇದು ಯಾರು ಮಾಡಿಸಿದ್ದು ಬಾಯಮ್ಮ?"

"ಮಗ. ಯಾಕೆ?"

"ಲ್ಯಾಮಿನೇಟ್ ಮಾಡಿದ್ದನ್ನು ನಾವು ಇಟ್ಟುಕೊಳ್ಳುವ ಹಾಗಿಲ್ಲ. ಬಿಸಿ ಮಾಡಿ ಅಂಟಿಸಿದ್ದಲ್ವಾ? ಇನ್ನು ಬಿಡಿಸಲಿಕ್ಕಾಗುವುದಿಲ್ಲ. ಒಳಗೇ ಕಾಗದ ಹಳದಿಯಾಗಿ, ಶಾಯಿ ಪ್ಲಾಸ್ಟಿಕ್ಕಿಗೆ ಹಿಡ್ಕೊಳ್ತದೆ. ಇದು ನಿಧಾನವಾಗಿ ಸಾಯ್ತದೆ." ಅವನ ಮುಖವೂ ಬಾಡಿತ್ತು. "ಫೋಟೊ ತೆಗೆದು ಇಟ್ಕೊಳ್ಳುತ್ತೇನೆ. ಹಾಳೆ ನೀವು ಮನೆಗೆ ತಗೊಂಡು ಹೋಗಿ."

"ಫೋಟೊ ನನ್ನ ಗಂಡನದ್ದೂ ಉಂಟು, ಗೋಡೆಯಲ್ಲಿ," ಎಂದರು ಡುಲ್ಸಿನ್ ಬಾಯಿ. "ಅವರು ಮನೆಗೆ ಬಂದ ಹಾಗಾಯಿತಾ?"

ಪ್ರಖ್ಯಾತ್ ಹಾಳೆಗಳನ್ನು ಜೋಡಿಸಿ ಅವರ ಕಡೆಗೆ ಸರಿಸಿದ.

"ಆಗ ಕಿಟಕಿಯವ ತಗೊಳ್ಳಲಿಲ್ಲ. ಈಗ ನೀವು ತಗೊಳ್ಳುವುದಿಲ್ಲ. ನಮ್ಮ ಊರಿನವರ ಹೆಸರು ಇಡ್ಲಿಕ್ಕೆ ಈ ಜಿಲ್ಲೆಯಲ್ಲಿ ಒಂದು ಗೇಣು ಜಾಗ ಇಲ್ಲವಾ?"

ಅವರು ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು.

ಸಂಜೆ ಜೋವಿನ್ ಕೇಳಿದ, "ತಗೊಂಡರಾ?"

ಇಲ್ಲದ್ದನ್ನು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಜೋವಿನ್ ಬಟ್ಟಲು ದೂಡಿದ.

"ಅಂದರೆ ನಾನೇ ಹಾಳು ಮಾಡಿದೆ."

"ಗೊತ್ತಿಲ್ಲದೆ ಮಾಡಿದ್ದು ಪುತಾ."

"ಪಪ್ಪ ಊರು ಉಳಿಸ್ತೇನೆ ಅಂತ ಹೊರಟು ಮನೆ ಕಳೆದರು. ನಾನು ಕಾಗದ ಉಳಿಸ್ತೇನೆ ಅಂತ ಹೊರಟು ಅದನ್ನೂ ಕಳೆದೆ. ಅವರು ಕಳೆದದ್ದಕ್ಕೆ ಹೋರಾಟ ಅಂತ ಹೆಸರು. ನಾನು ಕಳೆದದ್ದಕ್ಕೆ?"

"ಅವರ ಹೆಸರು ಎಳೆಯಬೇಡ."

"ಸತ್ತವರ ಮೇಲೆ ಸಿಟ್ಟು ಬಂದರೂ ತಪ್ಪಾ?"

ಅವನು ಹೊರಗೆ ಹೋಗಿ ಬೈಕು ಒರೆಸಲು ನಿಂತ. ಒರೆಸಿದಷ್ಟೂ ಹುಡಿ ಕೂರುತ್ತಿತ್ತು. ಬಾಗಿಲಿನಲ್ಲಿ ನಿಂತು ಡುಲ್ಸಿನ್ ಬಾಯಿ ಹೇಳಿದರು: "ಹೊಸತು ಮಾಡ್ತೇನೆ ನಾನು. ಇದ್ದವರನ್ನು ಹುಡುಕಿ ಮತ್ತೆ ಸಹಿ ಹಾಕಿಸ್ತೇನೆ. ಹೊಸದಾದರೂ ಸಾಕಂತೆ, ಆ ಹುಡುಗನಿಗೆ ಫೋನು ಮಾಡಿ ಕೇಳಿದೆ."

"ಈಗ? ಎರಡನೇ ಘಟಕದ ಗಲಾಟೆಯ ಹೊತ್ತಿನಲ್ಲಿ? ಇವತ್ತಿನ ತಾರೀಕು ಹಾಕಿ?"

"ನಿನ್ನೆಯ ತಾರೀಕು ಎಲ್ಲಿಂದ ತರುವುದು?"

ಬಿಳಿ ಹಾಳೆಯ ತಲೆಯಲ್ಲಿ ಅವರು ತಮ್ಮ ಉರುಟು ಅಕ್ಷರದಲ್ಲಿ ಬರೆದರು: 'ಕೆರೆಬೈಲು ಎಂಬ ಊರಿತ್ತು. ನಾವು ಅಲ್ಲಿಯವರು. ಊರು ಕೊಡುವುದಿಲ್ಲ ಎಂದು ಹೇಳಿದ್ದೆವು.' ಹಳೆಯದನ್ನು ನೋಡಿ ಮನೆಗಳ ಹೆಸರು ಬರೆದರು. ಆದರೆ ಯಜಮಾನನದ್ದು ಮಾತ್ರವಲ್ಲ, ಆ ಮನೆಯಲ್ಲಿದ್ದ ಹೆಂಗಸರ, ದೊಡ್ಡವರಾದ ಮಕ್ಕಳ ಹೆಸರನ್ನೂ ಬರೆದು ಮುಂದೆ ಜಾಗ ಬಿಟ್ಟರು. ತಮ್ಮ ಮನೆಯ ಮುಂದೆ ಎರಡು ಸಾಲು: ತಮ್ಮದು, ಜೋವಿನ್‌ದು.

ಅಂಬಲಪಾಡಿಯಲ್ಲಿ ಮಗನ ಫ್ಲ್ಯಾಟಿನಲ್ಲಿದ್ದ ಮೋಹಿನಿ ಬಾಗಿಲು ತೆರೆದು, ಗುರುತು ಹಿಡಿದು, ಒಳಗೆ ಎಳೆದುಕೊಂಡರು. "ಡುಲ್ಸಿನಕ್ಕಾ! ನನ್ನ ಬಾವಿಯ ನೀರು ಕುಡಿದ ಬಾಯಿ ಇದು!" ಚಹಾ ಕೊಟ್ಟರು, ಗೋಳಿಬಜೆ ಕೊಟ್ಟರು, ಪೆನ್ನು ಹಿಡಿದರು. "ಆಗ ನನ್ನ ಗಂಡ ಹಾಕಿದ್ದು. ನನ್ನನ್ನು ಯಾರೂ ಕೇಳಲೇ ಇಲ್ಲ, ಅಲ್ವಾ?" ಎಂದು ಹೇಳಿ, ಜಾಗ ಮೀರಿ ದೊಡ್ಡದಾಗಿ ಸಹಿ ಮಾಡಿದರು.

ಹೂಡೆಯಲ್ಲಿ ಮೀನು ಒಣಗಿಸುತ್ತಿದ್ದ ಸುಂದರ ಆಗುವುದಿಲ್ಲ ಎಂದ.

"ಪರಿಹಾರ ತಿಂದಾಯ್ತು ಬಾಯಮ್ಮ, ಜೀರ್ಣವೂ ಆಯ್ತು. ಈಗ ಕೊಡುವುದಿಲ್ಲ ಹೇಳಿದ್ದೆ ಅಂತ ಯಾವ ಮೋರೆಯಲ್ಲಿ ಬರೆಯಲಿ? ಅಳಿಯನ ಜಾಗ ಎರಡನೇ ಘಟಕದ ಪಕ್ಕ ಉಂಟು. ಒಳ್ಳೆ ರೇಟು ಬರ್ತದೆ ಅಂತ ಕಾದು ಕೂತಿದ್ದಾನೆ."

"ಹಾಗಾದರೆ ನಿನ್ನ ಸಾಲಲ್ಲಿ ಎಂತ ಬರೆಯಲಿ?"

ಸುಂದರ ತಲೆ ಕೆರೆದುಕೊಂಡ. "ಕೊಡಿ ಇಲ್ಲಿ." ಕೈ ಲುಂಗಿಗೆ ಒರೆಸಿ, 'ಸುಂದರ ಒಪ್ಪಲಿಲ್ಲ' ಎಂದು ತಾನೇ ಬರೆದು, ಕೆಳಗೆ ಸಹಿ ಹಾಕಿದ. "ಸುಳ್ಳು ಬೇಡ. ಎಂತ, ಆಗ್ಲಿಕ್ಕಿಲ್ಲವಾ?" ಇಬ್ಬರೂ ನಕ್ಕರು. ಹಾಳೆಗೆ ಮೀನಿನ ವಾಸನೆ ಹಿಡಿಯಿತು.

ಹೀಗೆ ಕೆಲವು ವಾರ ಬಸ್ಸು ಹತ್ತಿ ಇಳಿದರು. ಕಾರ್ಕಳದಲ್ಲಿ ಹೆರಾಲ್ಡನ ಮನೆಗೆ ಹೋದರೆ ಆತ ತೀರಿಹೋಗಿ ವರ್ಷ ತುಂಬಿತ್ತು. ಹಳೆಯ ಹಾಳೆಯಲ್ಲಿ ಸಹಿ ಹಾಕಿದ ಗಂಡಸರಲ್ಲಿ ಹೆಚ್ಚಿನವರು ಇರಲಿಲ್ಲ. ಅವರ ಸಾಲಿನ ಮುಂದೆ ಡುಲ್ಸಿನ್ ಬಾಯಿ ಪುಟ್ಟ ಶಿಲುಬೆಯನ್ನೋ ಅಡ್ಡಗೆರೆಯನ್ನೋ ಎಳೆದರು, ಅವರವರ ಜಾತಿ ನೋಡಿ. ಸಹಿ ತುಂಬುತ್ತಾ ಹೋದದ್ದು ವಿಧವೆಯರದು. ಯಾವ ಮನೆಗೂ ಛತ್ರಿ ಹಿಡಿಯಲು ಯಾರೂ ಜೊತೆಗೆ ಬರಲಿಲ್ಲ. ಜೋವಿನ್ ಬಸ್ ಸ್ಟ್ಯಾಂಡಿನ ತನಕ ಬಿಡುತ್ತಿದ್ದ, ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ.

ಕೊನೆಯ ದಿನ ಬೆಳಿಗ್ಗೆ, ಅವನು ತಿಂಡಿಗೆ ಕೂತಾಗ, ಒರೆಸಿದ ಮೇಜಿನ ಮೇಲೆ ಹಾಳೆ ಬಿಡಿಸಿಟ್ಟರು. ಹತ್ತಿರ ಪೆನ್ನು ಇಟ್ಟರು. ತಮ್ಮ ಸಾಲಿನಲ್ಲಿ ಆಗಲೇ ಸಹಿ ಮಾಡಿದ್ದರು.

ಜೋವಿನ್ ನೀರ್‌ದೋಸೆ ತಿನ್ನುತ್ತಲೇ ಓದಿದ. ಮೋಹಿನಿಯ ದೊಡ್ಡ ಸಹಿ ನೋಡಿ ಬಾಯಿಯ ಅಂಚಿನಲ್ಲಿ ನಕ್ಕ. ಸುಂದರನದ್ದನ್ನು ಎರಡು ಸಲ ಓದಿದ. ಕೈ ತೊಳೆದು ಬಂದು ಪೆನ್ನು ಹಿಡಿದ. ಜೆನಿಫರ್ ಒಲೆಯ ಹತ್ತಿರ ತಿರುಗಿ ನಿಂತಿದ್ದಳು.

"ಮುಂದಿನ ವಾರ ಗುತ್ತಿಗೆ ಹೊಸತು ಮಾಡ್ತಾರೆ ಅಮ್ಮ," ಎಂದ.

"ಗೊತ್ತುಂಟು."

"ಜೆನಿಯ ಅಮ್ಮನ ಮದ್ದು ಉಂಟು. ಮನೆಯ ಸಾಲ ಉಂಟು."

"ಅದೂ ಗೊತ್ತುಂಟು."

"ಹಾಕು ಹೇಳಿ. ನೀವು ಹಾಕು ಅಂದರೆ ಹಾಕ್ತೇನೆ."

ಡುಲ್ಸಿನ್ ಬಾಯಿ ಮಗನ ಕೊರಳಲ್ಲಿ ನೇತಾಡುವ ಪಾಸು ನೋಡಿದರು. ಲಿಗೋರಿ ಆಗಿದ್ದರೆ 'ಹಾಕು' ಎನ್ನುತ್ತಿದ್ದರು. ಲಿಗೋರಿ ಹಾಗೆ ಹೇಳಿ ಹೋರಾಟಕ್ಕೆ ಹೋದ ದಿನಗಳಲ್ಲಿ ಮನೆಯ ಒಲೆ ಹೇಗೆ ಉರಿಯಿತೆಂದು ಅವರಿಗೆ ಮಾತ್ರ ಗೊತ್ತಿತ್ತು. ಅವರು ಬಾಯಿ ತೆರೆಯಲಿಲ್ಲ. ಕಾರ್ಖಾನೆಯ ಸೈರನ್ ಕೂಗಿತು. ಜೋವಿನ್ ಪೆನ್ನಿನ ಮುಚ್ಚಳ ಹಾಕಿ, ಹಾಳೆಯ ಪಕ್ಕದಲ್ಲಿ ಮೆಲ್ಲಗೆ ಇಟ್ಟು, ಬೈಕಿನ ಕೀ ತೆಗೆದುಕೊಂಡ.

"ಬರ್ತೇನೆ," ಎಂದ.

"ಹೋಗಿ ಬಾ."

ಮಣಿಪಾಲದ ಉದ್ದ ಮೇಜಿನಲ್ಲಿ ಪ್ರಖ್ಯಾತ್ ಹೊಸ ಹಾಳೆಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಸಾಲಿಗೊಂದು ನಮೂದು ಬರೆಯುತ್ತಾ ಬಂದ: ಸಹಿ, ಸಹಿ, ನಿಧನ, ಹೆಬ್ಬೆಟ್ಟು, ನಿಧನ. ಸುಂದರನ ಸಾಲಿಗೆ 'ನಿರಾಕರಣೆ, ಸ್ವಹಸ್ತದಲ್ಲಿ' ಎಂದು ಬರೆದು ತಲೆಯಾಡಿಸಿದ. ಲಿಗೋರಿಯ ಮನೆಗೆ ಬಂದಾಗ ಪೆನ್ಸಿಲು ನಿಂತಿತು.

"ಇಲ್ಲೊಂದು ಖಾಲಿ ಉಂಟಲ್ಲ ಬಾಯಮ್ಮ. ಖಾಲಿ ಬಿಟ್ಟರೆ ಮುಂದೆ ನೋಡುವವರಿಗೆ ತಿಳಿಯುವುದಿಲ್ಲ. ತೀರಿಕೊಂಡದ್ದಾ, ಒಪ್ಪದ್ದಾ ಅಂತ."

"ಎರಡೂ ಅಲ್ಲ. ಅದು ನನ್ನ ಮಗ. ಕೆಲಸಕ್ಕೆ ಹೋಗಿದ್ದಾನೆ ಅಂತ ಬರೆಯಿರಿ."

"ಕೆಲಸಕ್ಕೆ... ಎಲ್ಲಿಗೆ?"

"ಕೆರೆಬೈಲಿಗೆ," ಎಂದರು ಡುಲ್ಸಿನ್ ಬಾಯಿ. "ಇಷ್ಟು ಜನರಲ್ಲಿ ಊರಿಗೆ ದಿನಾ ಹೋಗುವವನು ಅವನೊಬ್ಬನೇ."